ದ್ವಿತೀಯ ಪರದೆ ಮೀಮಾಂಸೆ: ಕೊಟ್ಟಿಗೆಹಾರ ಪಾಠ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ವಿಷಯ: ಮುದಿ ಆಲ್‌ ಇನ್‌ ಒನ್‌ ಕಂಪ್ಯೂಟರನ್ನು ಲ್ಯಾಪ್‌ಟಾಪಿನ ಎರಡನೆಯ ಪರದೆಯಾಗಿ ದುಡಿಸುವುದು. ಅಧಿಕಾರಿ: ಬೆಂಗಳೂರಿನ ಕಂಪನಿ ಕೆಲಸವನ್ನು ಬ್ಯಾಗಿನಲ್ಲಿ ಹೊತ್ತು ತೋಟದ ಮನೆಗೆ ಬಂದಿಳಿದ ಮಗ ಅಥವಾ ಮಗಳು. ಸಂಬಂಧ: ಒಂದು ಕೇಬಲ್. ಪ್ರಯೋಜನ: ಹೊಸ ಮಾನಿಟರಿನ ದುಡ್ಡು ಉಳಿಯಿತೆಂಬ ಸಂತೋಷ. ಸಂತೋಷ ಎಂದಿದೆಯೇ ಹೊರತು ಉಳಿತಾಯ ಎಂದಿಲ್ಲ, ಭಾಷ್ಯಕಾರರು ಗಮನಿಸಬೇಕು.

ಕ್ಷೇತ್ರ ಕೊಟ್ಟಿಗೆಹಾರ. ಮೂಡಿಗೆರೆಯಿಂದ ಬಂದ ದಾರಿ ಇಲ್ಲಿ ಕವಲೊಡೆದು ಒಂದು ಚಾರ್ಮಾಡಿ ಘಾಟಿ ಇಳಿಯುತ್ತದೆ, ಇನ್ನೊಂದು ಕಳಸ, ಹೊರನಾಡಿನತ್ತ ಹೊರಳುತ್ತದೆ. ಧರ್ಮಸ್ಥಳಕ್ಕೆ ಹೊರಟವರು ನೀರುದೋಸೆಗೆ ಇಳಿಯುತ್ತಾರೆ, ದೋಸೆ ಮುಗಿಸಿ ಮಂಜಿನೊಳಗೆ ಮಾಯವಾಗುತ್ತಾರೆ. ಕಂಪ್ಯೂಟರ್ ಚರ್ಚೆಗೆ ಈ ಊರು ಹೊಸದೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಕನ್ನಡ ತಂತ್ರಾಂಶಕ್ಕಾಗಿ ತಲೆಕೆಡಿಸಿಕೊಂಡ ಪೂರ್ಣಚಂದ್ರ ತೇಜಸ್ವಿಯವರ (1938-2007) ಹೆಸರಿನ ಪ್ರತಿಷ್ಠಾನ ಇರುವುದು ಇಲ್ಲಿಯೇ.

ಒಂದು ಪರದೆ ಸಾಲದೇ ಎಂಬ ಆಕ್ಷೇಪಕ್ಕೆ ಕಾಫಿಯೇ ಉತ್ತರ. ಅರೇಬಿಕಾಕ್ಕೆ ನ್ಯೂಯಾರ್ಕಿನವರು ಪೌಂಡಿಗೆ ಇಷ್ಟು ಸೆಂಟ್ ಎನ್ನುತ್ತಾರೆ, ರೋಬಸ್ಟಾಕ್ಕೆ ಲಂಡನ್ನಿನವರು ಟನ್ನಿಗೆ ಇಷ್ಟು ಡಾಲರ್ ಎನ್ನುತ್ತಾರೆ, ಮೂಡಿಗೆರೆಯ ವ್ಯಾಪಾರಿ 50 ಕೆಜಿ ಮೂಟೆಗೆ ಇಷ್ಟು ರೂಪಾಯಿ ಎನ್ನುತ್ತಾನೆ. ಈ ಮೂರನ್ನೂ ಹೊಂದಿಸುವ ಹೊತ್ತಿಗೇ ಆಫೀಸಿನ ಮೀಟಿಂಗೂ ಶುರುವಾಗುತ್ತದೆ. ಮ್ಯಾನೇಜರ್ ಮುಖದ ಮೇಲೆ ಚೆರಿ ದರ ತೆರೆದುಕೊಳ್ಳುವುದು ಶಿಷ್ಟಾಚಾರವಲ್ಲ.

ಇನ್ನು ಪೂರ್ವಪಕ್ಷ. ‘ತೋಟದ ಲೆಕ್ಕಕ್ಕೆಂದು ತಂದ ಆಲ್‌ ಇನ್‌ ಒನ್‌ ಇದೆ. ಆನ್ ಆಗಲು ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಬೇಕು, ನಿಜ. ಆದರೆ ಗಾಜಿಗೆ ಏನಾಗಿದೆ? ಬೆನ್ನಲ್ಲಿ ಎಚ್‌ಡಿಎಂಐ ತೂತು ಕಾಣುತ್ತಿದೆ, ಇದು ಪ್ರತ್ಯಕ್ಷ ಪ್ರಮಾಣ. ತೂತಿದ್ದಲ್ಲಿ ದಾರಿಯಿದೆ, ಇದು ಅನುಮಾನ ಪ್ರಮಾಣ. ಕೇಬಲ್ ಎರಡೂ ಕಡೆ ಸಲೀಸಾಗಿ ಕೂರುತ್ತದೆ, ಅಲ್ಲಿಗೆ ಸಿದ್ಧವಾಯಿತು.’

ಹೊಗೆಯಿದ್ದಲ್ಲಿ ಬೆಂಕಿ ಎಂದು ತಾರ್ಕಿಕರು ಬಯಲುಸೀಮೆಯಲ್ಲಿ ಕೂತು ಬರೆದಿರಬೇಕು. ಕೊಟ್ಟಿಗೆಹಾರದ ಜುಲೈಯಲ್ಲಿ ಹೊಗೆಯಂತೆ ಕಂಡದ್ದೆಲ್ಲ ಮಂಜು. ಈ ತೂತಿನ ಕಥೆಯೂ ಅಷ್ಟೇ: ಬಹುಪಾಲು ಆಲ್‌ ಇನ್‌ ಒನ್‌ಗಳಲ್ಲಿ ಅದು ಚಿತ್ರವನ್ನು ಹೊರಗೆ ಕಳಿಸಲು ಇರುವಂಥದ್ದು, ಒಳಗೆ ಬಿಟ್ಟುಕೊಳ್ಳಲು ಅಲ್ಲ. ಎಚ್‌ಡಿಎಂಐ ತುದಿಯಲ್ಲಿ 19 ಪಿನ್ನುಗಳಿವೆ. ಅವುಗಳಲ್ಲಿ ಕೆಲವುಗಳ ಮೂಲಕ ಪರದೆ ತನ್ನ ಅಗಲ, ಎತ್ತರ, ಕುಲಗೋತ್ರವನ್ನು ಕಂಪ್ಯೂಟರಿಗೆ ಒಪ್ಪಿಸಬೇಕು. ಆಮೇಲಷ್ಟೇ ಚಿತ್ರ ಹೊರಡುತ್ತದೆ. ಇಲ್ಲಿ ಎರಡೂ ಕಡೆ ಕೊಡುವವರೇ. ಗೋತ್ರ ಹೇಳುವವರಿಲ್ಲ. ಒಳಗಿನ ಗಾಜಾದರೋ ತನ್ನದೇ ಮದರ್‌ಬೋರ್ಡಿಗೆ ಸಣ್ಣದೊಂದು ಕೇಬಲ್‌ನಿಂದ ಅಂಟಿಕೊಂಡಿದೆ, ಹೊರಗಿನ ತೂತಿಗೂ ಅದಕ್ಕೂ ಮಾತುಕತೆಯಿಲ್ಲ.

ಅಪವಾದಗಳಿವೆ. ಕೆಲವು ಮಾದರಿಗಳಲ್ಲಿ ‘ಇನ್’ ಎಂದು ಬರೆದ ಬೇರೆಯೇ ತೂತಿರುತ್ತದೆ; ಅಂಥವರ ಮನೆಯಲ್ಲಿ ಈ ಗ್ರಂಥಕ್ಕೆ ಕೆಲಸವಿಲ್ಲ. ಆಪಲ್ ಕಂಪನಿ 2009ರ ಕೊನೆಯಲ್ಲಿ ತಂದ 27 ಇಂಚಿನ ಐಮ್ಯಾಕ್‌ಗೆ ಪರಕಾಯ ಪ್ರವೇಶದ ವಿದ್ಯೆ ಗೊತ್ತಿತ್ತು: ಮಿನಿ ಡಿಸ್‌ಪ್ಲೇಪೋರ್ಟ್ ಕೇಬಲ್ ಸಿಕ್ಕಿಸಿ ಕಮಾಂಡ್ ಮತ್ತು ಎಫ್‌2 ಒತ್ತಿದರೆ ಮಾನಿಟರ್ ಆಗಿಬಿಡುತ್ತಿತ್ತು. 2011ರಿಂದ ಇದಕ್ಕೆ ಥಂಡರ್‌ಬೋಲ್ಟೇ ಬೇಕಾಯಿತು. 2014ರ ಕೊನೆಗೆ 5ಕೆ ಪರದೆ ಬಂದಾಗ ವಿದ್ಯೆಯೇ ಲೋಪವಾಯಿತು. 5120ಕ್ಕೆ 2880 ಚುಕ್ಕಿಗಳನ್ನು ಒಂದೇ ಕೇಬಲಿನಲ್ಲಿ ಹೊರುವ ಶಕ್ತಿ ಅಂದಿನ ಡಿಸ್‌ಪ್ಲೇಪೋರ್ಟಿಗೆ ಇರಲಿಲ್ಲ.

ಉಳಿದವರಿಗೆ ಮಾರ್ಗಗಳು ಎರಡು.

ಮೊದಲನೆಯದು ಅಹಿಂಸಾ ಮಾರ್ಗ. ಮುದಿಯನ ಮೇಲೆ ವಿಂಡೋಸ್ 10 ಇದ್ದು ವೈಫೈ ಚಿಪ್ ಒಪ್ಪಿದರೆ, ‘ಈ ಪಿಸಿಗೆ ಪ್ರೊಜೆಕ್ಟ್ ಮಾಡುವುದು’ ಎಂಬ ಸೆಟ್ಟಿಂಗ್ ತೆರೆದು, ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತು ಕೆ ಒತ್ತಬೇಕು. ಮಿರಾಕಾಸ್ಟ್ ಎಂಬ ಈ ಏರ್ಪಾಟು ಯಂತ್ರದಿಂದ ಯಂತ್ರಕ್ಕೆ ನೇರ ನಡೆಯುವುದರಿಂದ ಮಳೆಗೆ ಇಂಟರ್‌ನೆಟ್ ಸತ್ತರೂ ಪರದೆ ಸಾಯುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ ಎಂಬ ಆತಂಕಕ್ಕೂ ಇದೇ ಪರಿಹಾರ: ಮುದಿಯನನ್ನು ನೆಟ್‌ಗೆ ಬಿಡದಿದ್ದರಾಯಿತು. ಮೌಸ್ ಚೂರು ತಡವಾಗಿ ಹಿಂಬಾಲಿಸುತ್ತದೆ. ದರಪಟ್ಟಿಗೆ ಅಡ್ಡಿಯಿಲ್ಲ, ಕ್ರಿಕೆಟ್ಟಿಗೆ ಕಷ್ಟ.

ದೋಷ ಬೇರೆಯದಿದೆ. ಬರೀ ಗಾಜಿನ ಕೆಲಸಕ್ಕೆ ಪ್ರೊಸೆಸರು, ಹಾರ್ಡ್ ಡಿಸ್ಕು, ಫ್ಯಾನು ಎಲ್ಲವೂ ಎಚ್ಚರವಿದ್ದು ಕರೆಂಟ್ ತಿನ್ನುತ್ತವೆ. ಮೆಸ್ಕಾಂ ಬಿಲ್ಲನ್ನು ಕೈಯಲ್ಲಿ ಹಿಡಿದ ಅಪ್ಪ ಇಲ್ಲಿ ಪ್ರತಿವಾದಿ. ಅದಕ್ಕೆ ಅಮ್ಮನ ಸಮರ್ಥನೆಯೂ ಶಾಸ್ತ್ರೋಕ್ತವೇ: ಮಳೆಗಾಲದಲ್ಲಿ ಬೂಷ್ಟು ಬರಬಾರದೆಂದು ಬೀರುವಿನೊಳಗೆ ಬಲ್ಬು ಉರಿಸುವ ಸೀಮೆಯಲ್ಲಿ ಬಿಸಿಯಾಗುವ ಕಂಪ್ಯೂಟರ್ ದಂಡವಲ್ಲ. ಕರೆಂಟ್ ಹೋದರೆ ಈ ವಾದ ಅಲ್ಲಿಗೇ ಸ್ಥಗಿತ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಬದುಕುತ್ತದೆ, ಮುದಿಯ ಯುಪಿಎಸ್ ಇಲ್ಲದಿದ್ದರೆ ಆ ಕ್ಷಣವೇ ಕಣ್ಣು ಮುಚ್ಚುತ್ತಾನೆ.

ಎರಡನೆಯದು ಶಸ್ತ್ರಚಿಕಿತ್ಸೆ. ಬೆನ್ನು ಬಿಚ್ಚಿ, ಗಾಜಿನ ಹಿಂದಿನ ಲೇಬಲ್‌ನಲ್ಲಿರುವ ಮಾದರಿ ಸಂಖ್ಯೆ ಬರೆದುಕೊಂಡು, ಅದಕ್ಕೆ ಹೊಂದುವ ಕಂಟ್ರೋಲರ್ ಬೋರ್ಡನ್ನು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲೋ ಆನ್‌ಲೈನಿನಲ್ಲೋ ಹುಡುಕಬೇಕು. ಆಗ ಗೋತ್ರ ಹೇಳುವ ಕೆಲಸ ಬೋರ್ಡಿನದು. ತೀರ ಹಳೆಯ ಗಾಜಾದರೆ ಹಿಂಬೆಳಕಿನ ಟ್ಯೂಬಿಗೆ ಇನ್ವರ್ಟರ್ ಬೋರ್ಡೂ ಬೇಕು. ವಿದ್ಯುತ್ ಭಾಗದ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಶಾಕ್ ಕೊಡಬಲ್ಲವು. ಬಲ್ಲವರ ಕೈಗೇ ಕೊಡುವುದು ಮೇಲು. ಕೆಲಸವಾದ ಮೇಲೆ ಅದು ಬರೀ ಮಾನಿಟರ್: ಹೊತ್ತಿಸಿದ ಕೂಡಲೇ ಹೊತ್ತುತ್ತದೆ, ಕಡಿಮೆ ಉಣ್ಣುತ್ತದೆ. ಈ ಗ್ರಂಥದ ಒಲವು ಇತ್ತಲೇ. ಗಾಜು ಚಿಕ್ಕದಾಗಿದ್ದರೆ ಮಾತ್ರ ಬೋರ್ಡಿನ ದುಡ್ಡಿಗೆ ಇನ್ನಷ್ಟು ಸೇರಿಸಿ ಹೊಸದನ್ನೇ ತರುವುದು ಜಾಣತನ; ಆದರೆ ಹಾಗೆ ಮಾಡಿದವರನ್ನು ಶಾಸ್ತ್ರಭ್ರಷ್ಟರೆಂದು ಪರಿಗಣಿಸಲಾಗುವುದು.

ಸ್ಕ್ರೂ ಬಿಚ್ಚುವ ಮುನ್ನ ಒಂದು ವಿಧಿ ಇದೆ. ತೋಟದ ಮಳೆ ಲೆಕ್ಕ, ಇಂಚು ಮತ್ತು ಸೆಂಟುಗಳಲ್ಲಿ ವರ್ಷವರ್ಷವೂ ಅಪ್ಪ ಟೈಪಿಸಿಟ್ಟದ್ದು, ಅದೇ ಹಾರ್ಡ್ ಡಿಸ್ಕಿನಲ್ಲಿರುತ್ತದೆ. ಫೈಲ್ ಎಲ್ಲಿದೆ ಎಂದು ಅವರನ್ನೇ ಕೇಳಬೇಕು, ಏಕೆಂದರೆ ಅದರ ಹೆಸರು ‘ನ್ಯೂ ಫೋಲ್ಡರ್ 7’ ಎಂದಿರುವ ಸಾಧ್ಯತೆಯೇ ಹೆಚ್ಚು.