ಹಳೇ ಪೇಪರ್ ಮೀಮಾಂಸೆ

ಗುಜರಿಗೆ ಹಾಕಲು ಮನಸ್ಸು ಬಾರದ ಪದಾರ್ಥಕ್ಕೆ ಇನ್ನೆಂದೂ ಎಸೆಯಲಾಗದ ರೂಪ ಕೊಡುವ ವಿದ್ಯೆಗೆ ಗೃಹ ಕರಕುಶಲ ಎಂದು ಹೆಸರು. ಯಾವ ಶಾಸ್ತ್ರವೇ ಆಗಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಪೂರ್ವಿಕರ ಕಟ್ಟಳೆ. ಇಲ್ಲಿ ವಿಷಯವೆಂದರೆ ಹಳೇ ಪೇಪರು, ರಟ್ಟು, ಗೋಣಿಚೀಲ, ವೈರು, ಬಳೆಚೂರು. ಪ್ರಯೋಜನವನ್ನು ಮುಂದೆ ವಿಚಾರಿಸಲಾಗುವುದು, ಇದ್ದರೆ. ಸಂಬಂಧ, ಮಾಡಿದವರಿಗೂ ವಸ್ತುವಿಗೂ ಬಿಡಿಸಲಾರದ್ದು. ಮನೆಯ ಉಳಿದವರಿಗೆ ಧೂಳು ಒರೆಸುವಷ್ಟು ಮಾತ್ರ. ಅಧಿಕಾರಿ, ಅಂದರೆ ಈ ವಿದ್ಯೆ ಕಲಿಯಲು ಯೋಗ್ಯರಾದವರು, ಮನೆಯಲ್ಲಿ ಕತ್ತರಿ ಎಲ್ಲಿದೆ ಎಂದು ಬಲ್ಲವರು. ಈ ಕೊನೆಯ ಲಕ್ಷಣವೊಂದೇ ಬಹುಪಾಲು ಗಂಡಸರನ್ನು ಹೊರಗಿಡುತ್ತದೆ.

ಈ ಶಾಸ್ತ್ರದ ಪ್ರಯೋಗಭೂಮಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ. ನೆಲ ಬದಲಾದ ಹಾಗೆ ಕಚ್ಚಾವಸ್ತುವೂ ಬದಲಾಗುತ್ತದೆ. ಕಾವೇರಿ ನಾಲೆಗಳ ಕೆ.ಆರ್. ನಗರ ಭತ್ತದ ಸೀಮೆ. ಅಲ್ಲಿ ಅಂಟಿಗೆ ಅನ್ನ, ಸಿಂಬಿಗೆ ಹುಲ್ಲು ಕೈಗೆಟಕುವಷ್ಟು ಹತ್ತಿರ. ಹುಣಸೂರು, ಪಿರಿಯಾಪಟ್ಟಣಗಳದು ಹೊಗೆಸೊಪ್ಪಿನ ರಾಜ್ಯ. ಬ್ಯಾರನ್ನಿಗೆ ಏರಿಸಲು ಸೊಪ್ಪು ಕಟ್ಟಿ ಮಿಕ್ಕ ದಾರ, ಬೇಲು ಸುತ್ತಿ ಮಿಕ್ಕ ಗೋಣಿ ಬೇಕಾದಷ್ಟು. ಕಾಡಂಚಿನ ಕೋಟೆಗೆ ಬಿದಿರು. ಹಳೇ ಪೇಪರು ಮಾತ್ರ ನಾಲ್ಕಕ್ಕೂ ಸಮಾನ. ಮೈಸೂರಿನಲ್ಲಿ ಅಚ್ಚಾಗುವ ‘ಆಂದೋಲನ’, ‘ಮೈಸೂರು ಮಿತ್ರ’ಗಳು ಬೆಳಿಗ್ಗೆ ಸುದ್ದಿಯಾಗಿ ಬಂದು, ಮಾರನೆಯ ದಿನ ಬೋಂಡದ ಎಣ್ಣೆ ಹೀರಿ, ಉಳಿದದ್ದು ಅಟ್ಟ ಸೇರುತ್ತದೆ. ಮೀಮಾಂಸೆ ಶುರುವಾಗುವುದು ಅಟ್ಟದಿಂದ.

ಪ್ರಾಚೀನತೆಯ ಪ್ರಶ್ನೆ ಸುಲಭವಾಗಿ ಬಗೆಹರಿಯುವಂಥದು. ವಾತ್ಸ್ಯಾಯನನ 64 ಕಲೆಗಳ ಪಟ್ಟಿಯಲ್ಲಿ ಹೂ ಕಟ್ಟುವುದಿದೆ, ಸೂಜಿಯ ಕೆಲಸವಿದೆ, ಬೆತ್ತ ಹೆಣೆಯುವುದಿದೆ, ಪೇಪರ್ ಕೆಲಸವಿಲ್ಲ. ಆತನ ಕಾಲದ ಬರಹವೆಲ್ಲ ಓಲೆಗರಿ, ಭೂರ್ಜಪತ್ರಗಳ ಮೇಲೆ. ಅತ್ತ ಚೀನಾದಲ್ಲಿ ಕ್ರಿ.ಶ. 105ರಲ್ಲೇ ಸಾಯ್ ಲುನ್ ಎಂಬ ಅರಮನೆಯ ಅಧಿಕಾರಿ ಮರದ ತೊಗಟೆ, ಹರಕು ಬಟ್ಟೆ, ಹಳೇ ಮೀನುಬಲೆಗಳನ್ನು ಕುಟ್ಟಿ ಕಾಗದ ಮಾಡುವ ವಿಧಾನವನ್ನು ಚಕ್ರವರ್ತಿಗೆ ಒಪ್ಪಿಸಿದನೆಂದು ಅಲ್ಲಿನ ಇತಿಹಾಸ ಹೇಳುತ್ತದೆ. ಈ ಸಾಮಾನಿನ ಪಟ್ಟಿ ಓದಿದವರಿಗೆ ಒಂದು ಸಂಗತಿ ಹೊಳೆಯದೆ ಇರದು: ಕಾಗದ ಹುಟ್ಟಿದ್ದೇ ಯಾರದೋ ಅಟ್ಟ ಖಾಲಿ ಮಾಡುವಾಗ. ಅದನ್ನು ಮತ್ತೆ ಕುಟ್ಟಿ ಪುಟ್ಟಿ ಮಾಡುವ ಪಿರಿಯಾಪಟ್ಟಣದ ಅಜ್ಜಿ ಹೊಸದೇನನ್ನೂ ಕಂಡುಹಿಡಿಯುತ್ತಿಲ್ಲ. ವಸ್ತುವನ್ನು ಅದರ ಪೂರ್ವಜನ್ಮಕ್ಕೆ ಕಳುಹಿಸಿಕೊಡುತ್ತಿದ್ದಾಳೆ.

ಪತ್ರಿಕೆಯ ಹಾಳೆಯ ಸ್ವಭಾವ ತಿಳಿಯದೆ ಕೆಲಸಕ್ಕೆ ಕೈ ಹಾಕಬಾರದು. ಮೇಲಿಂದ ಕೆಳಕ್ಕೆ ಸೀಳಿದರೆ ಅದು ಅಳತೆಪಟ್ಟಿ ಇಟ್ಟಂತೆ ನೇರ ಹರಿಯುತ್ತದೆ, ಅಡ್ಡ ಸೀಳಿದರೆ ಚಿಂದಿಯಾಗುತ್ತದೆ. ಕಾರ್ಖಾನೆಯ ಯಂತ್ರದಲ್ಲಿ ಹಾಳೆ ಓಡುವಾಗ ನಾರುಗಳು ಒಂದೇ ದಿಕ್ಕಿಗೆ ಸಾಲುಗಟ್ಟುವುದೇ ಇದಕ್ಕೆ ಕಾರಣ. ಇನ್ನೊಂದು ಸ್ವಭಾವ, ಬಿಸಿಲಿಗೆ ಹಳದಿಯಾಗುವುದು. ಅಗ್ಗದ ಸುದ್ದಿಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ. ಬೆಳಕು, ಗಾಳಿ ತಗುಲಿದಂತೆ ಅದು ಬಣ್ಣ ಬದಲಿಸುತ್ತದೆ. ಆದ್ದರಿಂದ ಪೇಪರಿನಲ್ಲಿ ಮಲ್ಲಿಗೆ ಮಾಡಿದವರು ಕೊನೆಗೆ ಸೇವಂತಿಗೆಯನ್ನು ಪಡೆಯುತ್ತಾರೆ. ಮೊದಲೇ ಸೇವಂತಿಗೆ ಮಾಡುವುದು ಜಾಣತನ.

ಮದುವೆ ಪತ್ರಿಕೆಯದು ಬೇರೆಯೇ ವರ್ಗ. ಗಣಪತಿಯ ಚಿತ್ರವಿರುವುದರಿಂದ ಅದನ್ನು ಎಸೆಯುವಂತಿಲ್ಲ, ಮದುವೆ ಮುಗಿದಿರುವುದರಿಂದ ಇಟ್ಟುಕೊಳ್ಳುವ ಕಾರಣವೂ ಇಲ್ಲ. ಈ ಧರ್ಮಸಂಕಟದಿಂದಲೇ ಪೆನ್‌ಸ್ಟ್ಯಾಂಡು ಹುಟ್ಟಿತು. ಪೆನ್ನುಗಳು ಅದರಲ್ಲಿ ಎಂದೂ ಇರುವುದಿಲ್ಲ ಎಂಬ ಆಕ್ಷೇಪಕ್ಕೆ ಶಾಸ್ತ್ರದಲ್ಲಿ ಉತ್ತರವಿಲ್ಲ.

ಅಂಟಿನ ವಿಷಯದಲ್ಲಿ ಮೂರು ಪಂಥಗಳಿವೆ, ಪರಸ್ಪರ ಮಾತುಕತೆ ಇಲ್ಲ. ಅತ್ಯಂತ ಹಳೆಯದು ಅನ್ನಪಂಥ: ಬಿಸಿ ಅನ್ನದ ನಾಲ್ಕು ಅಗುಳನ್ನು ಹೆಬ್ಬೆರಳಿನಲ್ಲಿ ಅರೆದು ಹಚ್ಚುವುದು. ಕೆ.ಆರ್. ನಗರದ ಕಡೆ ಇದು ದಿನನಿತ್ಯ ಸಾಧ್ಯ. ಮುದ್ದೆಯ ಸೀಮೆಗಳಲ್ಲಿ ಅನ್ನ ಹಬ್ಬಕ್ಕಷ್ಟೇ ಬೇಯುತ್ತಿದ್ದ ಕಾಲದಲ್ಲಿ ಗಾಳಿಪಟ ಅಂಟಿಸುವವರು ಹಬ್ಬದ ತನಕ ಕಾಯಬೇಕಾಗಿತ್ತು. ಹಬ್ಬದ ದಿನ ಅನ್ನ ಕಂಡವನು ಅದನ್ನು ಪಟಕ್ಕೆ ಹಚ್ಚಿದನೆಂದು ನಂಬುವುದೂ ಕಷ್ಟ. ಎರಡನೆಯದು ಮೈದಾಪಂಥ. ಮೈದಾಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಸಣ್ಣ ಉರಿಯಲ್ಲಿ ತಿರುವಿ, ಚಿಟಿಕೆ ಮೈಲುತುತ್ತ ಹಾಕಿದರೆ ಹುಳು ಮುಟ್ಟುವುದಿಲ್ಲ. ಮೈಲುತುತ್ತ ವಿಷ, ಅಡುಗೆಯ ಪಾತ್ರೆಯಲ್ಲಿ ಕಾಯಿಸಬಾರದು, ಮಕ್ಕಳ ಕೈಗೆ ಕೊಡಬಾರದು. ಮೂರನೆಯವರು ಫೆವಿಕಾಲ್ ಪಂಥೀಯರು. ಇವರ ಗ್ರಂಥ 1959ರಿಂದೀಚಿನದು, ಶ್ರಮ ಕಡಿಮೆ, ಹೆಮ್ಮೆ ಹೆಚ್ಚು. ಒಣಗಿದ ಮೇಲೆ ಬೆರಳಿನಿಂದ ಸಿಪ್ಪೆ ಸುಲಿಯುವ ಸುಖ ಇವರದೊಂದೇ ಎಂಬುದನ್ನು ಉಳಿದ ಎರಡೂ ಪಂಥಗಳು ಒಳಗೊಳಗೇ ಒಪ್ಪುತ್ತವೆ.

ಎಲ್ಲ ಪೇಪರ್ ಕೆಲಸಗಳಲ್ಲಿ ಶ್ರೇಷ್ಠವಾದದ್ದು ಪೇಪರ್ ಪುಟ್ಟಿ. ಓದಿ ಮುಗಿದ ಪತ್ರಿಕೆಗಳನ್ನು ಚೂರುಚೂರು ಮಾಡಿ ಬಕೆಟ್ಟಿನಲ್ಲಿ ಎರಡು ಮೂರು ದಿನ ನೆನೆಹಾಕಬೇಕು. ನೀರು ಬೂದಿಬಣ್ಣಕ್ಕೆ ತಿರುಗಿ, ತಲೆಬರಹ, ಜಾಹೀರಾತು, ಶ್ರದ್ಧಾಂಜಲಿಗಳ ನಡುವಿನ ಭೇದ ಅಳಿದ ಮೇಲೆ ಕೈಯಲ್ಲಿ ಹಿಂಡಿ ತೆಗೆಯಬೇಕು. ಇತ್ತ ರಾತ್ರಿಯೇ ನೆನೆಸಿಟ್ಟ ಒಂದೆರಡು ಹಿಡಿ ಮೆಂತ್ಯವನ್ನು ಒರಳಿಗೆ ಹಾಕಿ ಲೋಳೆ ಬರುವಂತೆ ರುಬ್ಬಿ, ಅದರ ಮೇಲೆ ಪೇಪರ್ ಮುದ್ದೆಯನ್ನು ಹಾಕಿ ಮತ್ತೆ ರುಬ್ಬಬೇಕು. ಮೆಂತ್ಯದ ಲೋಳೆಯೇ ಇಲ್ಲಿ ಅಂಟು. ಅದರ ಕಹಿಗೆ ಹುಳು ಬರುವುದಿಲ್ಲವೆಂಬುದು ಅಜ್ಜಿಯರ ಮತ. ಮಿಕ್ಸಿಯಲ್ಲಿ ಆಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಮಿಕ್ಸಿ ಒಂದೇ ಸಲ ಆಗುತ್ತದೆ.

ಹದ ಗೊತ್ತಾಗುವುದು ಕೈಯಲ್ಲಿ. ಹಿಡಿಯಲ್ಲಿ ಒತ್ತಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ಪಾತ್ರೆಯೊಂದನ್ನು ಬೋರಲು ಹಾಕಿ, ಮೇಲೆ ಒದ್ದೆ ಬಟ್ಟೆ ಹೊದಿಸಿ, ಬೆರಳು ದಪ್ಪಕ್ಕೆ ಮುದ್ದೆಯನ್ನು ತಳದಿಂದ ಅಂಚಿನವರೆಗೆ ತಟ್ಟಿಕೊಂಡು ಬರಬೇಕು. ತಳ ದಪ್ಪ, ಅಂಚು ತೆಳು ಎನ್ನುವುದು ನಿಯಮ. ಹೊಸಬರು ತಪ್ಪದೆ ಇದನ್ನು ತಿರುಗುಮುರುಗು ಮಾಡುತ್ತಾರೆ. ಅರ್ಧ ಒಣಗಿದಾಗ ಹೊರಮೈಯನ್ನು ನುಣುಪು ಕಲ್ಲಿನಿಂದ ತೀಡಬೇಕು. ಮೂರು ನಾಲ್ಕು ಬಿಸಿಲು ಕಂಡ ಮೇಲೆ ಪುಟ್ಟಿ ತಾನಾಗಿ ಪಾತ್ರೆಯಿಂದ ಸಡಿಲವಾಗುತ್ತದೆ. ಸಡಿಲವಾಗದಿದ್ದರೆ ಬಟ್ಟೆ ಹೊದಿಸುವುದು ಮರೆತಿದೆ ಎಂದರ್ಥ. ಆಗ ಆ ಪಾತ್ರೆಯೂ ಕರಕುಶಲ ವಸ್ತುವೇ.

ಇದೇ ಮುದ್ದೆಯನ್ನು ಸಂದು ಬಿಟ್ಟ ಹಳೇ ಮೊರಕ್ಕೆ ಮೆತ್ತಿದರೆ ಮೊರ ಇನ್ನೊಂದಷ್ಟು ವರ್ಷ ರಾಗಿ ಕೇರುತ್ತದೆ. ಪುಟ್ಟಿಯಲ್ಲಿ ಕಡಲೆಕಾಯಿ, ಹುರುಳಿ, ಒಣಮೆಣಸಿನಕಾಯಿ ಏನು ಬೇಕಾದರೂ ಇಡಬಹುದು. ಹಾಗಿದ್ದೂ ಅದು ಮನೆಯ ಹಜಾರಕ್ಕೆ ಬರುವುದಿಲ್ಲ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಪೇಪರಿನ ಉಳಿದ ಕೆಲಸಗಳನ್ನು ಬೇಗ ಮುಗಿಸಬಹುದು. ಆಷಾಢದ ಗಾಳಿಗೆ ಗಾಳಿಪಟ: ಚೌಕದ ಹಾಳೆ, ನೆಟ್ಟಗೊಂದು, ಬಿಲ್ಲಿನಂತೆ ಬಗ್ಗಿಸಿದ ಇನ್ನೊಂದು ತೆಂಗಿನಕಡ್ಡಿ, ಹಳೇ ಸೀರೆಯಂಚಿನ ಬಾಲಂಗೋಚಿ. ಪೊರಕೆಯಿಂದ ಕಡ್ಡಿ ಕಿತ್ತದ್ದು ಯಾರೆಂಬ ವಿಚಾರಣೆ ಪಟ ಹಾರಿದ ಮೇಲೆ ನಡೆಯುತ್ತದೆ. ಜೂನಿನಲ್ಲಿ ಪುಸ್ತಕಕ್ಕೆ ಬೈಂಡು: ಕಳೆದ ವರ್ಷದ ಕ್ಯಾಲೆಂಡರ್ ಹಾಳೆ ಗಟ್ಟಿಯಾಗಿರುವುದರಿಂದ ಇದಕ್ಕೆ ಉತ್ತಮ. ಹಾಲಿನ ಲೆಕ್ಕ ಬರೆದ ತಿಂಗಳನ್ನು ಗಣಿತದ ಪುಸ್ತಕಕ್ಕೆ ಹಾಕುವುದು ರೂಢಿ.

ಮಡಚುವ ಕಲೆಯ ಪ್ರಸ್ತಾಪ ಬಂದಾಗ ಜಪಾನಿನ ಒರಿಗಾಮಿಯನ್ನು ಹೆಸರಿಸುವುದು ವಾಡಿಕೆ. ಅಕಿರಾ ಯೋಶಿಝಾವಾ (1911–2005) ಚುಕ್ಕಿಗೆರೆ, ಬಾಣಗಳ ಗುರುತಿನಿಂದ ಮಡಿಕೆಗಳನ್ನು ಬರೆದಿಡುವ ಪದ್ಧತಿ ರೂಪಿಸಿ ಆ ಕಲೆಯನ್ನು ಜಗತ್ತಿಗೆ ಹಂಚಿದರು. ಕತ್ತರಿ ತಾಗಿಸಬಾರದು, ಅಂಟು ಮುಟ್ಟಿಸಬಾರದು ಎಂಬುದು ಅದರ ಮಡಿವಂತರ ನಿಯಮ. ಈ ನಿಯಮಕ್ಕೆ ಕೂದಲೆಳೆಯಷ್ಟೂ ಭಂಗ ಬಾರದ ಕೃತಿಯೊಂದು ಹುಣಸೂರು ಸೀಮೆಯ ಹೊಲಗಳಲ್ಲಿ ಪ್ರತಿ ಮುಂಗಾರಿನಲ್ಲೂ ಓಡಾಡುತ್ತದೆ: ಗೋಣಿಕೊಪ್ಪೆ. ಚೀಲದ ತಳದ ಎರಡು ಮೂಲೆಗಳಲ್ಲಿ ಒಂದನ್ನು ಒಳಕ್ಕೆ ತಳ್ಳಿ ಇನ್ನೊಂದರೊಳಗೆ ಕೂರಿಸಿದರೆ ಚೂಪು ತುದಿಯ ಟೋಪಿ ಸಿದ್ಧ. ಉಳಿದ ಚೀಲ ಬೆನ್ನ ಮೇಲೆ ಇಳಿಯುತ್ತದೆ. ಒಂದೇ ಮಡಿಕೆ. ಮಳೆಯಲ್ಲಿ ಹೊಗೆಸೊಪ್ಪಿನ ಸಸಿ ನೆಡುವವರು ಎರಡೂ ಕೈ ಬಿಡುವಾಗಿ ಇಟ್ಟುಕೊಳ್ಳಬಹುದು, ಕೊಡೆಗೆ ಈ ಯೋಗ್ಯತೆಯಿಲ್ಲ. ಗೊಬ್ಬರದ ಪ್ಲಾಸ್ಟಿಕ್ ಚೀಲ ಬಂದ ಮೇಲೆ ನೀರು ಇಳಿಯದ ನವ್ಯಪಂಥವೂ ಹುಟ್ಟಿದೆ. ಬೆಚ್ಚಗಿಡುವುದರಲ್ಲಿ ಗೋಣಿಯೇ ಮೇಲೆಂದು ಸಂಪ್ರದಾಯಸ್ಥರ ವಾದ. ಆದರೂ ಕೊಪ್ಪೆ ಮಡಚುವುದು ಯಾವ ಕ್ರಾಫ್ಟ್ ಪೀರಿಯಡ್ಡಿನಲ್ಲೂ ಬರುವುದಿಲ್ಲ. ಅಲ್ಲಿ ಪೇಪರ್ ದೋಣಿಯೇ ಗತಿ.

ಎಚ್.ಡಿ. ಕೋಟೆಯ ಬಿದಿರ ಕೆಲಸವನ್ನು ಆರಂಭಿಕರ ಪಟ್ಟಿಯಿಂದ ಕೈಬಿಡಲಾಗಿದೆ. ಬೆಟ್ಟಕುರುಬರ, ಮೇದರ ಕೈಗೆ ಬಿದಿರು ದಬ್ಬೆಯಾಗಿ ಸುಲಭವಾಗಿ ಸೀಳುವುದನ್ನು ಕಂಡು ತಾನೂ ಸೀಳಹೋದವರಿಗೆ ಬುಟ್ಟಿಗಿಂತ ಮೊದಲು ಸಿಬಿರು ಸಿಗುತ್ತದೆ. ಆದರೆ ರಟ್ಟಿನ ಚರಿತ್ರೆಯಲ್ಲಿ ಕೋಟೆಗೆ ದೊಡ್ಡ ಸ್ಥಾನವಿದೆ, ಇದು ಅಣಕವಲ್ಲ. 1995ರಲ್ಲಿ ಯುನಿಸೆಫ್ ನೆರವಿನಿಂದ ಇದೇ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿ ಆರಂಭವಾಯಿತು. ಆಂಧ್ರದ ಋಷಿವ್ಯಾಲಿಯ ಪದ್ಧತಿಯನ್ನು ನೋಡಿಬಂದ ಮೇಷ್ಟ್ರುಗಳು ಕಲಿಕೆಯ ಕಾರ್ಡುಗಳನ್ನು ರೂಪಿಸಿ, ಕಲಿಕೆಯ ಏಣಿ ಬರೆದು, ಮಕ್ಕಳ ಚಿತ್ರ-ಬರಹಗಳನ್ನು ತರಗತಿಯ ಸೂರಿನಡಿ ದಾರದಲ್ಲಿ ನೇತುಹಾಕಿ ಕಲಿಕಾ ಚಪ್ಪರ ಕಟ್ಟಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಎಳೆಯ ತರಗತಿಗಳಿಗೆಲ್ಲ ಹರಡಿತು. ರಟ್ಟು ಕತ್ತರಿಸುವುದರಿಂದ ಏನು ಪ್ರಯೋಜನ ಎಂದು ಪೂರ್ವಪಕ್ಷದವರು ಕೇಳಿದಾಗ ಶಾಸ್ತ್ರಕಾರರು ಕೋಟೆಯ ಕಡೆಗೆ ಬೆರಳು ತೋರಿಸಿ ಸುಮ್ಮನಾಗುತ್ತಾರೆ. ತೋರಿಸಲು ಅವರ ಬಳಿ ಇನ್ನೊಂದು ಉದಾಹರಣೆಯೂ ಇಲ್ಲ.

ಮೇಲಿನ ತರಗತಿಗಳ ‘ಮಾಡೆಲ್’ ವಿಷಯ ಬೇರೆ. ಇಲ್ಲಿನ ಮುಖ್ಯ ಸಮಸ್ಯೆ ಕೃತಿಯ ಕರ್ತೃ ಯಾರೆಂಬುದು. ರಾತ್ರಿ ಒಂಬತ್ತರ ಮೇಲೆ, ಅಂಗಡಿಗಳೆಲ್ಲ ಬಾಗಿಲು ಹಾಕಿದ ನಂತರ, “ನಾಳೀಕೆ ಥರ್ಮೋಕೋಲ್ ಮನೆ ತಗೊಂಡೋಗ್ಬೇಕು ಕಣವ್ವಾ” ಎಂಬ ವಾಕ್ಯದಿಂದ ಕೃತಿಯ ಆರಂಭ. ಮಗು ನಿದ್ದೆ ಹೋಗುತ್ತದೆ. ಅವ್ವ ಗೋಡೆ ನಿಲ್ಲಿಸುತ್ತಾಳೆ, ಅಪ್ಪ ಸಲಹೆ ಕೊಡುತ್ತಾನೆ. ಬೆಳಿಗ್ಗೆ ಶಾಲೆಯಲ್ಲಿ ಮೇಷ್ಟ್ರು ‘ನೀನೇ ಮಾಡಿದ್ದಾ’ ಎಂದು ಕೇಳುವುದಿಲ್ಲ. ಹಿಂದಿನ ರಾತ್ರಿ ಅವರ ಮನೆಯಲ್ಲೂ ಒಂದು ಕಟ್ಟಲಾಗಿರುತ್ತದೆ.

ಹಬ್ಬದ ಪೇಪರಿಗೆ ಆಯುಷ್ಯ ಕಡಿಮೆ. ಗಣೇಶನ ಚಪ್ಪರಕ್ಕೆ ಬಣ್ಣದ ಕಾಗದವನ್ನು ತ್ರಿಕೋನವಾಗಿ ಕತ್ತರಿಸಿ ದಾರಕ್ಕೆ ಅಂಟಿಸಿದ ಸಂಜೆಯೇ ಮಳೆ ಬಂದು, ಕೆಂಪು ಬಣ್ಣ ಚಪ್ಪರದಡಿ ನಿಂತವರ ಬಿಳಿ ಅಂಗಿಗೆ ಇಳಿಯುತ್ತದೆ. ಅದೇ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ, 1960ರ ದಶಕದ ಮೊದಲಿಂದ ನೆಲೆ ನಿಂತ ಟಿಬೆಟನ್ನರು ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಬಟ್ಟೆಯ ಪ್ರಾರ್ಥನಾ ಪತಾಕೆಗಳನ್ನು ಇದೇ ರೀತಿ ದಾರಕ್ಕೆ ಕಟ್ಟುತ್ತಾರೆ. ಅವು ಗಾಳಿ ಮಳೆಗೆ ಮಾಸಿದರೆ ಪ್ರಾರ್ಥನೆ ಲೋಕಕ್ಕೆ ಹರಡಿತೆಂದು ಅವರ ನಂಬಿಕೆ. ನಮ್ಮ ಕಡೆಯ ಕಾಗದ ಮಾಸಿದರೆ ಅಂಗಡಿಯವನು ಕಳಪೆ ಮಾಲು ಕೊಟ್ಟನೆಂದು ನಂಬಿಕೆ. ಜನವರಿಯ ಚುಂಚನಕಟ್ಟೆ ದನಗಳ ಜಾತ್ರೆಯಲ್ಲಿ ಹೋರಿಗಳ ಕೊಂಬಿಗೆ ಏರುವ ಬಣ್ಣದ ಕಾಗದ, ಕುಚ್ಚುಗಳ ವಿಮರ್ಶೆಯನ್ನು ಪಕ್ಕದ ಹೋರಿಯೇ ನಡೆಸುತ್ತದೆ: ಚೆನ್ನಾಗಿದ್ದರೆ ತಿನ್ನುತ್ತದೆ.

ಮುಂದೂಡಿದ್ದ ಪ್ರಯೋಜನದ ವಿಚಾರ ಇಲ್ಲಿ ಸಿದ್ಧಾಂತಕ್ಕೆ ಬರುತ್ತದೆ. ಮನೆಯ ಹಜಾರದ ಷೋಕೇಸನ್ನು ತೆರೆದು ನೋಡಿದರೆ ಸಿಗುವುದು ವೈರಿನ ಗಿಣಿ, ಮಣಿಯ ನಾಯಿ, ಬಳೆಚೂರಿನ ಹೂದಾನಿ, ಐಸ್‌ಕ್ಯಾಂಡಿ ಕಡ್ಡಿಯ ಮನೆ. ಯಾವುದನ್ನೂ ಮುಟ್ಟುವಂತಿಲ್ಲ. ಅದೇ ವೈರಿನಲ್ಲಿ ಹೆಣೆದ ಬ್ಯಾಗು ಸಂತೆಯಿಂದ ಐದು ಕೆ.ಜಿ. ತರಕಾರಿ ಹೊತ್ತು ತಂದು ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತದೆ. ಪೇಪರ್ ಪುಟ್ಟಿ ಅಟ್ಟದಲ್ಲಿ, ಕೊಪ್ಪೆ ಕೊಟ್ಟಿಗೆಯಲ್ಲಿ, ಸಿಂಬಿ ನೀರಿನ ಬಿಂದಿಗೆಯ ಕೆಳಗೆ. ಇದರಿಂದ ನಿಯಮ ಸ್ಪಷ್ಟ: ಕೈಕೆಲಸದ ವಸ್ತುವಿಗೆ ಮನೆಯಲ್ಲಿ ಸಲ್ಲುವ ಗೌರವ ಅದರ ನಿರುಪಯೋಗಕ್ಕೆ ನೇರ ಅನುಪಾತದಲ್ಲಿರುತ್ತದೆ. ಅಪವಾದವೊಂದೇ, ಗೌರಿಹಬ್ಬದ ಮೊರ. ಅದು ಉಪಯುಕ್ತವಾಗಿದ್ದೂ ಪೂಜೆಗೆ ಬರುತ್ತದೆ. ಆದರೆ ಬಾಗಿನ ಕೊಡುವ ದಿನ ಅದರಲ್ಲಿ ಯಾರೂ ರಾಗಿ ಕೇರುವುದಿಲ್ಲವಾದ್ದರಿಂದ ನಿಯಮಕ್ಕೆ ಬಾಧಕವಿಲ್ಲ.

ಹೊಸದಾಗಿ ಕಲಿಯುವವರು ಗಿಣಿಯ ಆಸೆ ಬಿಟ್ಟು ಪೇಪರ್ ಪುಟ್ಟಿಯಿಂದ ಆರಂಭಿಸುವುದು ಲೇಸು. ಖರ್ಚು ಮೆಂತ್ಯದ್ದಷ್ಟೇ. ಸಂಕ್ರಾಂತಿ ಕಳೆದು ಯುಗಾದಿ ಬರುವುದರೊಳಗಿನ ಬಿಸಿಲು ಇದಕ್ಕೆ ತಕ್ಕದ್ದು. ಮಳೆಗಾಲದಲ್ಲಿ ಮಾಡಿದ ಪುಟ್ಟಿ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಪೇಪರು ನೆನೆಹಾಕುವ ಮುನ್ನ, ಓದಿ ಮುಗಿಯಿತೇ ಎಂದು ಮನೆಯ ಹಿರಿಯರನ್ನು ಒಂದು ಮಾತು ಕೇಳಬೇಕು.