ಪೊರಕೆಗೆ ಮೀಸಲು

ಜಗಳವಾಡುವುದಕ್ಕೂ ಒಂದಿಷ್ಟು ಅನುಕೂಲ ಬೇಕು. ಬಸ್ಸಿನೊಳಗಿನ ಒಂದು ಚೌಕ ಜಾಗ ವೀಲ್‌ಚೇರಿನವರಿಗೋ ಕೂಸಿನ ತಳ್ಳುಗಾಡಿಯವರಿಗೋ ಎಂಬ ತಕರಾರು ಇಂಗ್ಲೆಂಡಿನಲ್ಲಿ ಎದ್ದು, ಕೋರ್ಟಿನಿಂದ ಕೋರ್ಟಿಗೆ ಹತ್ತಿ, ಕೊನೆಗೆ ಅಲ್ಲಿನ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಎದುರು ನಿಂತಿತ್ತು ಎಂದು ಓದಿದಾಗ ನನಗೆ ಮೊದಲು ಆದದ್ದು ಹೊಟ್ಟೆಕಿಚ್ಚು. ಹಾಗೆ ಜಗಳವಾಡಬೇಕಾದರೆ ವೀಲ್‌ಚೇರು ಬಸ್ಸಿನೊಳಗೆ ಹೋಗಬೇಕು. ಹೋಗಬೇಕಾದರೆ ಬಸ್ ಸ್ಟಾಪಿನವರೆಗೆ ಬರಬೇಕು. ಬರಬೇಕಾದರೆ ಫುಟ್‌ಪಾತ್ ಇರಬೇಕು. ಇದ್ದ ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರು, ಎಳನೀರಿನ ಗಾಡಿ, ಪಕ್ಕದಲ್ಲಿ ಮನೆ ಕಟ್ಟಿಸುವವರ ಜಲ್ಲಿ ಇರಬಾರದು. ನಮ್ಮ ಜಗಳವೆಲ್ಲ ಜಲ್ಲಿಯ ಹತ್ತಿರವೇ ಮುಗಿದುಹೋಗುತ್ತದೆ, ಸುಪ್ರೀಂ ಕೋರ್ಟಿನ ತನಕ ಉಳಿಯುವುದಿಲ್ಲ.

ಆ ಕಥೆ ಇಷ್ಟು. 2012ರ ಫೆಬ್ರವರಿಯ ಒಂದು ಬೆಳಿಗ್ಗೆ ಯಾರ್ಕ್‌ಶೈರಿನ ವೆದರ್‌ಬಿಯಲ್ಲಿ ಡಗ್ ಪೌಲಿ ಎಂಬವರು ಲೀಡ್ಸ್ ಬಸ್ಸಿಗೆ ಬಂದರು. ಲೀಡ್ಸಿನಲ್ಲಿ ರೈಲು ಹಿಡಿದು ಅಪ್ಪ ಅಮ್ಮನ ಜೊತೆ ಊಟಕ್ಕೆ ಹೋಗಬೇಕಿತ್ತು. ಬಸ್ಸಿನಲ್ಲಿ ವೀಲ್‌ಚೇರಿಗೆ ಜಾಗವಿತ್ತು. ವೀಲ್‌ಚೇರಿನವರು ಬಂದರೆ ದಯವಿಟ್ಟು ಬಿಟ್ಟುಕೊಡಿ ಎಂಬ ಬೋರ್ಡೂ ಇತ್ತು. ಅಲ್ಲಿ ಒಬ್ಬ ತಾಯಿ ತಳ್ಳುಗಾಡಿ ನಿಲ್ಲಿಸಿಕೊಂಡಿದ್ದರು, ಗಾಡಿಯಲ್ಲಿ ಮಗು ನಿದ್ದೆ ಹೋಗಿತ್ತು. ಗಾಡಿ ಮಡಚಿ ಜಾಗ ಬಿಡಿ ಎಂದು ಡ್ರೈವರ್ ಕೇಳಿದ. ಇದು ಮಡಚುವುದಿಲ್ಲ ಎಂದರು ತಾಯಿ. ಹಾಗಾದರೆ ನನ್ನ ವೀಲ್‌ಚೇರನ್ನೇ ಮಡಚಿ ಬೇರೆ ಸೀಟಿನಲ್ಲಿ ಕೂರಲೇ ಎಂದರು ಪೌಲಿ. ಮಡಚಿದ್ದನ್ನು ಭದ್ರವಾಗಿ ಇಡುವುದಕ್ಕೆ ಇಲ್ಲಿ ವ್ಯವಸ್ಥೆಯಿಲ್ಲ ಎಂದ ಡ್ರೈವರ್. ಬಸ್ಸು ಹೊರಟಿತು, ಪೌಲಿ ಉಳಿದರು. ಮುಂದಿನ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ರೈಲು ತಪ್ಪಿ, ಒಂದು ಗಂಟೆ ತಡವಾಯಿತು.

ಕೆಳಗಿನ ಕೋರ್ಟು 5,500 ಪೌಂಡ್ ಪರಿಹಾರ ಕೊಡಿಸಿತು. ಅದರ ಮೇಲಿನದು ಆ ತೀರ್ಪನ್ನು ಹೊಡೆದುಹಾಕಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಒಂದು ನಡುದಾರಿ ಹಿಡಿಯಿತು: ಡ್ರೈವರ್ ಒಮ್ಮೆ ಕೇಳಿ ಸುಮ್ಮನಾದರೆ ಸಾಲದು, ಸರಿಯಾದ ಕಾರಣವಿಲ್ಲದೆ ಜಾಗ ಬಿಡದವರಿಗೆ ಬಿಡಲೇಬೇಕು ಎಂದು ಹೇಳಬೇಕು, ಅಗತ್ಯ ಬಿದ್ದರೆ ಕೆಲವು ನಿಮಿಷ ಬಸ್ಸನ್ನು ನಿಲ್ಲಿಸಿಕೊಂಡು ಮುಜುಗರಪಡಿಸುವುದನ್ನೂ ಯೋಚಿಸಬೇಕು. ಹಿಡಿದು ಇಳಿಸುವಷ್ಟು ದೂರ ಹೋಗಬೇಕಿಲ್ಲ. ಪರಿಹಾರದ ಹಣ ಮಾತ್ರ ಪೌಲಿಯವರಿಗೆ ಸಿಗಲಿಲ್ಲ. ಬಸ್ಸು ನಿಲ್ಲಿಸಿಕೊಂಡು ನ್ಯಾಯ ತೀರಿಸುವ ಈ ವಿದ್ಯೆಗೆ ಅಲ್ಲಿ ಏಳು ನ್ಯಾಯಮೂರ್ತಿಗಳು ಬೇಕಾದರು. ನಮ್ಮ ಕಂಡಕ್ಟರುಗಳು ಇದನ್ನು ಯಾವತ್ತೋ ಕಂಡುಹಿಡಿದಿದ್ದಾರೆ. "ಟಿಕೆಟ್ ತಗೊಳ್ದೇ ಇರೋರು ತಗೊಳ್ಳೋವರೆಗೂ ಗಾಡಿ ಮುಂದಕ್ಕೆ ಹೋಗಲ್ಲ" ಎಂದು ಒಂದು ಸೀಟಿ ಊದಿದರೆ, ಟಿಕೆಟ್ಟಿಲ್ಲದವನನ್ನು ಹುಡುಕುವ ಕೆಲಸವನ್ನು ಇಡೀ ಬಸ್ಸೇ ವಹಿಸಿಕೊಳ್ಳುತ್ತದೆ.

ಈ ತೀರ್ಪನ್ನು ಓದಿ ಹೇಳಿದಾಗ ನಮ್ಮ ಭಾವ ಕಾನೂನಿನ ಬಗ್ಗೆ ಏನೂ ಕೇಳಲಿಲ್ಲ. "ಅಲ್ಲಯ್ಯಾ, ಬಸ್ಸಲ್ಲಿ ಮಿಕ್ಕೋರು ಏನು ಮಾಡ್ತಿದ್ರಂತೆ?" ಎಂದರು. ಅಕ್ಕನ ಗಂಡ, ಮೇಷ್ಟ್ರಾಗಿ ನಿವೃತ್ತರಾದವರು. ಮಗುವಾಗಿದ್ದಾಗ ಪೋಲಿಯೋ ಬಂದು, ಕ್ಯಾಲಿಪರ್ ಕಟ್ಟಿಕೊಂಡೇ ಮೂರು ತಲೆಮಾರಿನ ಹುಡುಗರಿಗೆ ಗಣಿತ ಕಲಿಸಿ, ಈಗ ವೀಲ್‌ಚೇರಿಗೆ ಬಂದಿದ್ದಾರೆ. ಮಿಕ್ಕವರ ಮೇಲೆ ಕೇಸು ಹಾಕಿರಲಿಲ್ಲವಲ್ಲ ಭಾವ, ಎಂದೆ. "ಹಾಕ್ಬೇಕಾಗಿದ್ದೇ ಅವರ ಮೇಲೆ" ಎಂದು ಅವರು ಪೇಪರು ಮಡಚಿದರು.

ಮಡಚುವ ಮಾತು ಬಂತು. ಮಡಚುವ ತಳ್ಳುಗಾಡಿಯನ್ನು ಜಗತ್ತಿಗೆ ಕೊಟ್ಟದ್ದೂ ಒಬ್ಬ ಇಂಗ್ಲಿಷ್ ಅಜ್ಜನೇ. ಓವನ್ ಮೆಕ್ಲಾರೆನ್ ವಿಮಾನದ ಎಂಜಿನಿಯರು, ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರದ ಕಾಲುಗಳ ಮೇಲೆ ಕೆಲಸ ಮಾಡಿದವರು. ಮಗಳು ಮೊಮ್ಮಗುವನ್ನು ಭಾರದ ಗಾಡಿಯಲ್ಲಿ ತಳ್ಳಿಕೊಂಡು ಒದ್ದಾಡುವುದನ್ನು ನೋಡಲಾರದೆ, 1965ರಲ್ಲಿ ಕೊಡೆಯಂತೆ ಮಡಚಿಕೊಳ್ಳುವ, 3 ಕಿಲೋಗೂ ಕಡಿಮೆ ತೂಕದ ಅಲ್ಯೂಮಿನಿಯಂ ಗಾಡಿಯೊಂದನ್ನು ರೂಪಿಸಿದರು. ಮಡಚುವ ವೀಲ್‌ಚೇರು ಅದಕ್ಕಿಂತ ಹಳೆಯದು. 1930ರ ದಶಕದಲ್ಲಿ ಅಮೆರಿಕದ ಹರ್ಬರ್ಟ್ ಎವರೆಸ್ಟ್ ಮತ್ತು ಹ್ಯಾರಿ ಜೆನ್ನಿಂಗ್ಸ್ ಎಂಬ ಇಬ್ಬರು ಎಂಜಿನಿಯರುಗಳು, ಕತ್ತರಿಯಂತೆ ಅಡ್ಡಡ್ಡ ಸರಳು ಕೊಟ್ಟು, ಕಾರಿನೊಳಗೆ ತೂರಿಸಬಹುದಾದ ಕುರ್ಚಿ ಮಾಡಿದರು. ಇಬ್ಬರಲ್ಲಿ ಎವರೆಸ್ಟ್ ಗಣಿ ಅಪಘಾತದಲ್ಲಿ ನಡೆಯುವ ಶಕ್ತಿ ಕಳೆದುಕೊಂಡವರು. ಹೀಗೆ ಗಾಡಿಯೂ ಮಡಚುತ್ತದೆ, ಕುರ್ಚಿಯೂ ಮಡಚುತ್ತದೆ. ಕೂಸನ್ನು ಎತ್ತಿಕೊಂಡು ಗಾಡಿ ಮಡಚಬಹುದು. ಕುರ್ಚಿ ಮಡಚಿದ ಮೇಲೆ ಅದರಲ್ಲಿ ಕೂತಿದ್ದವರನ್ನು ಎಲ್ಲಿ ಇಡುವುದು? ಯಾರು ಯಾರಿಗೆ ಜಾಗ ಬಿಡಬೇಕು ಎಂಬ ಧರ್ಮಸೂಕ್ಷ್ಮವೆಲ್ಲ ಬಹುಶಃ ಈ ಒಂದು ಪ್ರಶ್ನೆಯಲ್ಲೇ ಇದೆ.

ಬಸ್ಸಿನಿಂದ ಶೌಚಾಲಯಕ್ಕೆ ಬರೋಣ. ಬ್ರಿಟನ್ನಿನಲ್ಲಿ 1981ರಿಂದ ಒಂದು ಪದ್ಧತಿಯಿದೆ. ಅಂಗವಿಕಲರ ಸಾರ್ವಜನಿಕ ಶೌಚಾಲಯಗಳಿಗೆ ಒಂದೇ ಬಗೆಯ ಬೀಗ, ಬೇಕಾದವರ ಜೇಬಿನಲ್ಲಿ ಅದರ ಒಂದೊಂದು ಬೀಗದಕೈ. ಯಾವ ಊರಿಗೆ ಹೋದರೂ ತೆರೆದುಕೊಳ್ಳಬಹುದು. ನಮ್ಮಲ್ಲೂ ಬೀಗಕ್ಕೆ ಕೊರತೆಯಿಲ್ಲ. ಬಾಗಿಲ ಮೇಲೆ ವೀಲ್‌ಚೇರಿನ ನೀಲಿ ಚಿತ್ರ, ಕೆಳಗೆ ಕೈಗಾತ್ರದ ಬೀಗ. ಕಾವಲಿನವರನ್ನು ಕೇಳಿದರೆ, "ಕೀ ಸೂಪರ್‌ವೈಸರ್ ಹತ್ರ ಇದೆ ಸಾರ್." ಸೂಪರ್‌ವೈಸರ್ ಎಲ್ಲಿ? "ಊಟಕ್ಕೆ ಹೋಗವ್ರೆ." ಅವರು ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು ಬಂದು ಬಾಗಿಲು ತೆಗೆದರೆ ಒಳಗೆ ಎರಡು ಪೊರಕೆ, ಒಂದು ಮಾಪು, ಫಿನೈಲ್ ಕ್ಯಾನು, ಮುರಿದ ಪ್ಲಾಸ್ಟಿಕ್ ಕುರ್ಚಿ, ಹಳೆಯ ಯಾವುದೋ ಸಮಾರಂಭದ ಸ್ವಾಗತ ಬ್ಯಾನರು. ಅಗಲವಾದ ಬಾಗಿಲು, ಗೋಡೆಗೆ ಸ್ಟೀಲ್ ಹಿಡಿ, ಒಳಗೆ ತಿರುಗುವುದಕ್ಕೆ ಧಾರಾಳ ಜಾಗ, ಎಲ್ಲ ಪೊರಕೆಗೆ! ಇಂಗ್ಲೆಂಡಿನಲ್ಲಿ ತಾಯಂದಿರೂ ವೀಲ್‌ಚೇರಿನವರೂ ಜಗಳವಾಡುತ್ತಾರೆ. ನಮ್ಮಲ್ಲಿ ಇಬ್ಬರೂ ಹೊರಗೆ ಜೊತೆಯಾಗಿ ನಿಂತಿರುತ್ತಾರೆ.

ಬೀಗವಿಲ್ಲದ ಕಡೆ ಇನ್ನೊಂದು ನಾಟಕ. ಬೆಂಗಳೂರಿನ ಒಂದು ಮಾಲಿಗೆ ಹೋಗಿದ್ದೆವು. ಭಾವನ ವೀಲ್‌ಚೇರು, ಸೊಸೆಯ ಕೈಯಲ್ಲಿ ಮೊಮ್ಮಗಳ ಸ್ಟ್ರಾಲರು. ಈ ಎರಡು ವಾಹನಗಳು ಒಂದೇ ಮನೆಯಿಂದ ಹೊರಟರೆ ಎಲ್ಲಿಗೆ ಹೋದರೂ ಮೆರವಣಿಗೆ. ಲಿಫ್ಟಿನ ಮುಂದೆ ಲ್ಯಾಪ್‌ಟಾಪ್ ಬ್ಯಾಗಿನ ಹುಡುಗ ಹುಡುಗಿಯರ ಗುಂಪು. ಎಸ್ಕಲೇಟರು ಪಕ್ಕದಲ್ಲೇ ಹತ್ತುತ್ತಿದೆ, ಅವರಿಗೆ ಲಿಫ್ಟೇ ಬೇಕು. ಎರಡು ಸಲ ತುಂಬಿ ಹೋದ ಮೇಲೆ ನಮ್ಮ ಸರದಿ. ಮೇಲೆ ಹೋದರೆ ಅಂಗವಿಕಲರ ಟಾಯ್ಲೆಟ್ ಒಳಗಿನಿಂದ ಚಿಲಕ ಹಾಕಿದೆ. ಬಾಗಿಲು ತೆರೆದು ಬಂದದ್ದು ಗಟ್ಟಿಮುಟ್ಟಾದ ಒಬ್ಬ ಯುವಕ. ನಾನು ಹುಬ್ಬು ಗಂಟಿಕ್ಕುವಷ್ಟರಲ್ಲಿ ಭಾವ ನನ್ನ ಕೈ ಒತ್ತಿದರು. "ಸುಮ್ನಿರು. ಒಳಗೇನಿದೆಯೋ ನಿನಗೇನು ಗೊತ್ತು?" ಅವರ ಮಾತು ಖರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ವೈಕಲ್ಯ ಏಳರಿಂದ 21ಕ್ಕೆ ಏರಿದೆ. ಹಿಮೋಫೀಲಿಯಾ, ಥಲಸೇಮಿಯಾದಂತಹವು ಅದರಲ್ಲಿವೆ. ಅವು ನೋಟಕ್ಕೆ ಸಿಕ್ಕುವಂಥವಲ್ಲ. ಆದರೆ ಯುವಕನೇ ನಮ್ಮನ್ನು ನೋಡಿ ಕೂದಲು ಸವರಿಕೊಳ್ಳುತ್ತ, "ಸಾರಿ ಅಂಕಲ್, ಇಲ್ಲಿ ಕನ್ನಡಿ ಚೆನ್ನಾಗಿದೆ" ಎಂದುಬಿಟ್ಟ.

ಅಷ್ಟರಲ್ಲಿ ಮೊಮ್ಮಗಳು ತನ್ನ ಅರ್ಜಿ ಸಲ್ಲಿಸಿದ್ದಳು. ಮೂಗಿಗೇ ತಲುಪುವಂಥ ಅರ್ಜಿ. ಡಯಾಪರ್ ಬದಲಿಸುವ ಹಲಗೆ ಇದ್ದದ್ದೂ ಅದೇ ಕೋಣೆಯ ಗೋಡೆಗೆ. ಸೊಸೆ ಭಾವನ ಮುಖ ನೋಡಿದಳು. "ನೀನು ಹೋಗಮ್ಮ, ಅವಳದು ತುರ್ತು" ಎಂದರು ಅವರು. ಒಳಗೆ ಮಗುವಿನ ರಂಪ. ಬಾಗಿಲ ಸಂದಿಯಿಂದ ಸೊಸೆಯ ದನಿ: "ಮಾವ, ಎರಡೇ ನಿಮಿಷ." "ನಿಧಾನ ಮಾಡಮ್ಮ. ಸರ್ಕಾರಿ ಶಾಲೇಲಿ ಒಂದು ಆಯುಷ್ಯ ತಡ್ಕೊಂಡಿದ್ದವನು ನಾನು, ಇನ್ನೆರಡು ನಿಮಿಷ ಯಾವ ಲೆಕ್ಕ?" ಹೇಳುವಾಗ ನಗುತ್ತಲೇ ಇದ್ದರು, ಆದರೆ ವೀಲ್‌ಚೇರಿನ ಹಿಡಿಯ ಮೇಲೆ ಬೆರಳು ತಾಳ ಹಾಕುತ್ತಿತ್ತು. ಮೆಟ್ಟಿಲೊಂದು ಅಡ್ಡ ಬಂದದ್ದರಿಂದ ಪಕ್ಕದ ಗಂಡಸರ ಟಾಯ್ಲೆಟ್ಟಿಗೆ ಅವರು ಹೋಗುವಂತಿಲ್ಲ. ಅದು ನಾನು ಹೋಗಿ ಬರಬಹುದಾದದ್ದು, ಮತ್ತು ನಾನು ಹೋಗಿ ಬಂದೆ.

ಹಾಗೆಂದು ಹಲಗೆಯನ್ನು ಅಲ್ಲಿಂದ ಕಿತ್ತರೆ ಎಲ್ಲಿ ಹಾಕುವುದು? ಹೆಂಗಸರ ಟಾಯ್ಲೆಟ್ಟಿನಲ್ಲಿ ಹಾಕಿದರೆ, ಮಗು ಹೊತ್ತ ಅಪ್ಪ ಹೊರಗೆ ಪ್ರದಕ್ಷಿಣೆ ಹಾಕಬೇಕು. ನನ್ನ ಮಗ ಹಾಗೆ ಸುತ್ತಿದ್ದಾನೆ. ನಮ್ಮ ಕಾಲದಲ್ಲಿ ಅಪ್ಪಂದಿರಿಗೆ ಈ ಸಮಸ್ಯೆ ಇರಲಿಲ್ಲ, ಯಾಕೆಂದರೆ ಮಗು ಒದ್ದೆಯಾದ ಕೂಡಲೇ ನಾವು ಅದನ್ನು ಅದರ ತಾಯಿಗೆ ವರ್ಗಾಯಿಸಿ ಪೇಪರು ಓದುತ್ತಿದ್ದೆವು. ಇನ್ನು ಆ ಹಲಗೆ ಕೂಸಿಗೆ ಮಾತ್ರ ಆದೀತು; ದೊಡ್ಡವರಾದರೂ ಮಲಗಿಸಿಯೇ ಬಟ್ಟೆ ಬದಲಿಸಬೇಕಾದವರಿಗೆ ಯಾರು ಹಲಗೆ ಹಾಕುತ್ತಾರೆ? ಬ್ರಿಟನ್ನಿನಲ್ಲಿ 2006ರಲ್ಲಿ 'ಚೇಂಜಿಂಗ್ ಪ್ಲೇಸಸ್' ಎಂಬ ಚಳವಳಿ ಶುರುವಾಗಿ, ಆಳುದ್ದದ ಹಲಗೆ, ಎತ್ತುವ ಯಂತ್ರ ಇರುವ ಕೋಣೆಗಳು ಬಂದವು. 2021ರಿಂದ ಇಂಗ್ಲೆಂಡಿನ ದೊಡ್ಡ ಹೊಸ ಸಾರ್ವಜನಿಕ ಕಟ್ಟಡಗಳಲ್ಲಿ ಅದು ಕಡ್ಡಾಯ. ತಾಯಂದಿರನ್ನೂ ವೀಲ್‌ಚೇರಿನವರನ್ನೂ ಒಂದೇ ಲೆಕ್ಕದಲ್ಲಿ ಬರೆದವರು ಸೆಲ್ವಿನ್ ಗೋಲ್ಡ್‌ಸ್ಮಿತ್ ಎಂಬ ವಾಸ್ತುಶಿಲ್ಪಿ; ಅವರಿಗೂ ಪೋಲಿಯೋ ಆಗಿತ್ತು. 1963ರಲ್ಲಿ ಅಂಗವಿಕಲರಿಗಾಗಿ ಕಟ್ಟಡ ಕಟ್ಟುವುದು ಹೇಗೆ ಎಂದು ಪುಸ್ತಕ ಬರೆದವರು, ಕೊನೆಕೊನೆಗೆ ತಳ್ಳುಗಾಡಿಯ ತಾಯಿಯನ್ನೂ ಸೇರಿಸಿಕೊಂಡು, ಈ ಜನರನ್ನು ಕಟ್ಟಡವೇ ಅಂಗವಿಕಲರನ್ನಾಗಿ ಮಾಡಿದೆ ಎಂದರು. ಕಟ್ಟುವವನು ಇಬ್ಬರನ್ನೂ ಮರೆತಿದ್ದ. ನೆನಪಾದಾಗ ಇಬ್ಬರಿಗೂ ಸೇರಿ ಒಂದು ಕೋಣೆ ಕೊಟ್ಟು, ಹಂಚಿಕೊಳ್ಳಿ ಎಂದ.

ನಮ್ಮ ಕಟ್ಟುವವರಿಗೂ ಈಚೆಗೆ ನೆನಪಾಗುತ್ತಿದೆ. ರ‍್ಯಾಂಪು ಎಲ್ಲ ಕಡೆ ಬಂದಿದೆ. 1 ಅಡಿ ಏರಬೇಕಾದರೆ 12 ಅಡಿ ಉದ್ದ ಇರಬೇಕೆಂಬುದು ನಿಯಮ. ಆದರೆ ಎಷ್ಟೋ ಕಡೆ ಅಡಿಗೆ ಮೂರು ಅಡಿಯಂತೆ ಎದ್ದು ನಿಂತ ರ‍್ಯಾಂಪುಗಳನ್ನು ನೋಡಿದರೆ, ಹತ್ತುವುದಕ್ಕಲ್ಲ, ಮಕ್ಕಳು ಜಾರುವುದಕ್ಕೆ ಮಾಡಿದಂತಿರುತ್ತದೆ. ಸರಿಯಾಗಿ ಕಟ್ಟಿದ್ದರೆ ಅದರ ಬುಡದಲ್ಲಿ ಸ್ಕೂಟರು. 2024ರ ನವೆಂಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟೂ, ಇಂಥ ಅನುಕೂಲಗಳ ನಿಯಮ ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಕೇಂದ್ರ ಸರ್ಕಾರಕ್ಕೆ ಹೇಳಿತು. ಸಲಹೆಗೆ ನಾವು ಎಷ್ಟು ಕಿವಿಗೊಡುತ್ತೇವೆ ಎನ್ನುವುದು ಕೋರ್ಟಿಗೂ ಗೊತ್ತಿರಬೇಕು.

ರ‍್ಯಾಂಪು ಇಲ್ಲದಿದ್ದರೇನು, ನಾಲ್ಕು ಜನ ಇದ್ದಾರಲ್ಲ ಎನ್ನುವುದು ನಮ್ಮ ಹಳೆಯ ವಾಸ್ತುಶಾಸ್ತ್ರ. ಮೆಟ್ಟಿಲ ಬುಡದಲ್ಲಿ ವೀಲ್‌ಚೇರು ಕಂಡರೆ ಸಾಕು, ಎಲ್ಲಿಂದಲೋ ನಾಲ್ವರು ತೋಳು ಮಡಿಸಿಕೊಂಡು ಓಡಿಬರುತ್ತಾರೆ. ಒಬ್ಬ "ಹೂಂ, ಎತ್ತಿ" ಎನ್ನುತ್ತಾನೆ, ಇನ್ನೊಬ್ಬ ಎತ್ತಬಾರದ ಕಡೆ ಕೈ ಹಾಕುತ್ತಾನೆ. ಅವರ ಒಳ್ಳೆಯತನದಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. "ನನ್ನ ಗತಿ ಉತ್ಸವಮೂರ್ತೀದು ಕಣಯ್ಯಾ" ಎನ್ನುತ್ತಾರೆ ಭಾವ. "ಯಾವ ಕಡೆ ಹೋಗ್ಬೇಕು ಅಂತ ಮೂರ್ತೀನ ಯಾರೂ ಕೇಳಲ್ಲ. ಅದಕ್ಕಾದರೆ ಮಂಗಳಾರತಿ ಆದರೂ ಉಂಟು." ಎತ್ತುವವರಿಗೆ ಪುಣ್ಯ, ಎತ್ತಿಸಿಕೊಳ್ಳುವವರಿಗೆ ಬೆವರು. ತಾನಾಗಿ ತಳ್ಳಿಕೊಂಡು ಹೋಗುವ ಸುಖ ಬೇರೆಯೇ.

ಕೂಸಿನ ವಿಷಯದಲ್ಲಿ ಮಾತ್ರ ನಮ್ಮ ಹಳೆಯ ಪದ್ಧತಿಯನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ನಮ್ಮ ಮಕ್ಕಳು ಕಂಕುಳಲ್ಲೇ ಊರೂರು ತಿರುಗಿದವು. ಕಾಲಿಡಲು ಜಾಗವಿಲ್ಲದ ಕೆಂಪು ಬಸ್ಸಿಗೆ ಬ್ಯಾಗು, ಕೂಸು, ಛತ್ರಿ ಹಿಡಿದ ತಾಯಿ ಹತ್ತಿದರೆ, ಕಿಟಕಿಯ ಪಕ್ಕ ಕೂತ ಯಾವುದೋ ಅಜ್ಜಿ, "ಮಗೂನ ಇಲ್ಲಿ ಕೊಡು ತಾಯಿ" ಎಂದು ಕೈ ಚಾಚುತ್ತಾಳೆ. ತಾಯಿ ಮುಖವನ್ನೂ ಸರಿಯಾಗಿ ನೋಡದೆ ಕೊಡುತ್ತಾಳೆ. ಮಂಡ್ಯ ದಾಟುವಷ್ಟರಲ್ಲಿ ಆ ಕೂಸು ಮೂರು ಮಡಿಲು ಬದಲಿಸಿ, ಒಂದು ಬಾಳೆಹಣ್ಣು ತಿಂದು, ಅಜ್ಜಿಯ ಸೀರೆಯ ಮೇಲೆ ತನ್ನ ಸಹಿ ಹಾಕಿ, ಇಳಿಯುವ ಹೊತ್ತಿಗೆ ತಾಯಿಯ ಬಳಿ ಹೋಗಲು ಒಲ್ಲೆನೆನ್ನುತ್ತದೆ. ಮಡಿಲು ಕೊಟ್ಟವರು ಸೀಟು ಕೊಡುವುದಿಲ್ಲ, ನಿಜ. ಅಷ್ಟಾದರೂ ಆಯಿತಲ್ಲ.

ಆ ಲೀಡ್ಸ್ ಬಸ್ಸಿನಲ್ಲಿ ಜಾಗವಿತ್ತು, ಮಗುವನ್ನು ಈಸಿಕೊಂಡವರ ಸುದ್ದಿಯಿಲ್ಲ. ನಮ್ಮ ಬಸ್ಸಿನಲ್ಲಿ ಮಡಿಲಿಗೆ ಬರವಿಲ್ಲ, ಜಾಗವೇ ಇಲ್ಲ. ಜಾಗವನ್ನು ಕಾನೂನಿನಿಂದ, ಕೋರ್ಟಿನಿಂದ, ಎಂಜಿನಿಯರುಗಳ ಕಿವಿ ಹಿಂಡಿ ತರಿಸಬೇಕು. ಇನ್ನೊಬ್ಬರ ಮಡಿಲಿಂದ ಬಸ್ಸಿಗೆ ಇಳಿಜಾರು ಹಲಗೆ ಬರುವುದಿಲ್ಲ. ಹಾಗೆಯೇ ಕೋರ್ಟು ಅಜ್ಜಿಯನ್ನು ನೇಮಿಸಲಾರದು. ಎರಡೂ ಇರುವ ಬಸ್ಸೊಂದು ಎಲ್ಲಾದರೂ ಓಡುತ್ತಿದ್ದರೆ ಅದರಲ್ಲಿ ಭಾವನೂ ಸೊಸೆಯೂ ಒಟ್ಟಿಗೆ ಹೋಗಿ ಬರಬಹುದು.

ಭಾವನ ಪ್ರಕಾರ ಈ ವ್ಯವಹಾರದಲ್ಲಿ ಬೋರ್ಡು ಹಾಕಿದ ಜಾಗವೇ ತಪ್ಪು. ವೀಲ್‌ಚೇರಿನ ಜಾಗದ ಮೇಲೆ ಬೋರ್ಡು ಹಾಕಿದರೆ, ಓದುವವರು ಅಲ್ಲಿಗೆ ಬಂದು ಒದ್ದಾಡುವ ಇಬ್ಬರು ಮಾತ್ರ. ಹಾಕಬೇಕಾದದ್ದು ಮಿಕ್ಕ ಸೀಟುಗಳ ಬೆನ್ನಿಗೆ, ಒಂದೊಂದಕ್ಕೂ, ದೊಡ್ಡ ಅಕ್ಷರದಲ್ಲಿ: "ಇಲ್ಲಿ ಕೂತವರು ನಿದ್ದೆ ಬಂದಂತೆ ನಟಿಸಬಾರದು." ನಾನು ತಕ್ಷಣ ಒಪ್ಪಿದೆ. ಕನ್ನಡದ ಕೆಳಗೆ ಇಂಗ್ಲಿಷಿನಲ್ಲೂ ಬರೆಸಿ, ಲೀಡ್ಸಿಗೂ ಒಂದಷ್ಟು ಕಳಿಸೋಣ ಎಂದೆ.