ರೆಗ್ಯುಲೇಟರಿಗೆ ಬಗ್ಗದ ಸಾಣಿ

ಯಲಬುರ್ಗಾದಲ್ಲಿ ಅವಸರ ಮಾಡುವವರು ಕಡಿಮೆ. ಏಪ್ರಿಲ್ ಬಿಸಿಲಿಗೆ ನಾಯಿಯೂ ನೆರಳು ಬಿಟ್ಟು ಕದಲುವುದಿಲ್ಲ. ನಾನಂತೂ ಒಂದು ಕಪ್ಪು ಚಹಾಕ್ಕೆ ಇಡೀ ಪೇಪರು ಓದಿ ಮುಗಿಸುವವ. ಇಂಥ ಊರಲ್ಲಿ ಗಡಿಬಿಡಿ ಅಂತ ಇರುವುದು ಬಡಿಗೇರ ಕಾಕಾ ಅವರ ಸಾಣಿ ಮಷೀನಿಗೆ ಮಾತ್ರ. ಸ್ವಿಚ್ ಒತ್ತಿದರೆ ನಿಮಿಷಕ್ಕೆ 2,800 ಸುತ್ತು ದಾಟುತ್ತದೆ.

ಉಳಿಯನ್ನು ಕಲ್ಲಿಗೆ ತಾಗಿಸಿ ಎರಡು ಮಾತಾಡುವಷ್ಟರಲ್ಲಿ ಅದರ ಬಾಯಿ ಮೊದಲು ಗೋಧಿ ಬಣ್ಣಕ್ಕೆ, ಆಮೇಲೆ ನೀಲಿಗೆ ತಿರುಗುತ್ತದೆ. ನೋಡಲು ಚೆಂದವೇ. ಆದರೆ ನೀಲಿಯಾಯಿತೆಂದರೆ ಉಕ್ಕಿನ ಹದ ಹೋಯಿತು. ಬೇವಿನ ಕಟ್ಟಿಗೆ ಹಾಗಿರಲಿ, ಬೆಣ್ಣೆ ಕೊಯ್ಯಲೂ ಆ ಉಳಿ ಬೇಸರಪಡುತ್ತದೆ. ಕಾಕಾ ಪಕ್ಕದಲ್ಲಿ ನೀರಿನ ಡಬ್ಬಿ ಇಟ್ಟುಕೊಂಡು ಮತ್ತೆ ಮತ್ತೆ ಅದ್ದುವುದು ಅದಕ್ಕೇ. ಹಿಂದೆ ಸೈಕಲ್ ತುಳಿದು ಸಾಣಿ ಹಿಡಿಯುತ್ತ ಓಣಿಗೆ ಬರುತ್ತಿದ್ದವನಿಗೆ ಈ ಫಜೀತಿ ಇರಲಿಲ್ಲ. ಕಾಲು ಸೋತರೆ ಕಲ್ಲೂ ಸೋಲುತ್ತಿತ್ತು.

ಸಲಹೆಗೆ ರೊಕ್ಕ ಬೀಳುವುದಿಲ್ಲವಲ್ಲ, "ಕಾಕಾ, ಒಂದು ಫ್ಯಾನಿನ ರೆಗ್ಯುಲೇಟರ್ ಹಚ್ಚಿಬಿಡ್ರಿ" ಅಂದೆ.

"ಮಾಸ್ತರ, ಕೈ ಡ್ರಿಲ್ಲಿಗಾದ್ರ ನಡೀತಿತ್ರಿ, ಅದರಾಗ ಕಾರ್ಬನ್ ಬ್ರಷ್ ಅದಾವ. ಇದಕ್ಕ ಹಚ್ಚಿದ್ರ ಗುಂಯ್ ಅಂತೈತಿ, ಕಾಯ್ತೈತಿ, ಕಡೀಕ ವೈಂಡಿಂಗ್ ಸುಡ್ತೈತಿ."

ಇಂಡಕ್ಷನ್ ಮೋಟರಿನ ಜಾತಿಯೇ ಅಂಥದ್ದು. ಫ್ಯಾನೂ ಅದೇ ಜಾತಿ, ನಿಜ. ಆದರೆ ಅದರ ಸುತ್ತು ಇಳಿದರೆ ಗಾಳಿಯ ಭಾರವೂ ಇಳಿಯುತ್ತದೆ. ಉಳಿ ಒತ್ತುವ ಕೈಗೆ ಆ ಕರುಣೆ ಇಲ್ಲ. ಮೋಟರು ಮುಖ್ಯವಾಗಿ ಕೇಳುವುದು ಲೈನಿನ 50 ಹರ್ಟ್ಝ್ ಮಾತನ್ನು: ಎರಡು ಧ್ರುವದ್ದಾದರೆ 3,000 ಸುತ್ತು, ನಾಲ್ಕರದ್ದಾದರೆ 1,500, ಅದರಲ್ಲಿ ತುಸು ಹಿಂದೆ ಬೀಳುವುದು ರೂಢಿ. ಆ 50 ಕೂಡ ನಮ್ಮೂರಿನ ಸೊತ್ತಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಲೈನು ಚಾಲೂ ಆಗಿ ದಕ್ಷಿಣದ ಗ್ರಿಡ್ಡು ಉಳಿದ ದೇಶದ ತಾಳಕ್ಕೆ ಕೂಡಿಕೊಂಡಿತು. (1997ರವರೆಗೆ ನಾವೂ ರಾಯಚೂರು ಜಿಲ್ಲೆಯವರೇ, ಸ್ವಲ್ಪ ಜಂಬ ಸಲ್ಲುತ್ತದೆ.) ಪಂಜಾಬಿನ ಗಿರಣಿಯ ಜೊತೆ ಹೆಜ್ಜೆ ಹಾಕುವ ಸಾಣಿಗೆ ನನ್ನ ಮಾತು ಯಾವ ಲೆಕ್ಕ?

ಊರ ಹೊರಗಿನ ಗಾಳಿಯಂತ್ರಗಳ ಕಷ್ಟ ಇದರ ಉಲ್ಟಾ. ರೆಕ್ಕೆಗಳು ನಮ್ಮೂರಿನ ಗತಿಯಲ್ಲೇ ತಿರುಗುತ್ತವೆ. ಎಷ್ಟೋ ಯಂತ್ರಗಳ ಹೊಟ್ಟೆಯೊಳಗೆ ಗೇರು ಕೂತು ವೇಗ ಏರಿಸಬೇಕಾಗುತ್ತದೆ.

ಕೊನೆಗೆ ಕಾಕಾ 1,440 ಸುತ್ತಿನ ಹಳೇ ಮೋಟರೊಂದನ್ನು ಹಲಗೆಗೆ ಬಿಗಿದರು. ಮೋಟರಿಗೆ ಎರಡಿಂಚಿನ ಪುಲ್ಲಿ, ಕಲ್ಲಿನ ಶಾಫ್ಟಿಗೆ ಆರಿಂಚಿನದು, ನಡುವೆ ಹಿಟ್ಟಿನ ಗಿರಣಿಯ ಹಳೇ ಪಟ್ಟಾ. ಸುತ್ತು 480ಕ್ಕೆ ಇಳಿಯಿತು, ತಿರುಗಿಸುವ ಬಲ ಹೆಚ್ಚುಕಡಿಮೆ ಮೂರು ಪಟ್ಟಾಯಿತು. ಉಳಿ ಈಗ ನೀಲಿಯಾಗುವುದಿಲ್ಲ, ಆದರೆ ಸಾಣಿಗೆ ಬಹಳ ಹೊತ್ತು ಹಿಡಿಯುತ್ತದೆ. ಓಣಿಯಲ್ಲಿ ಹೊತ್ತು ಇರುವ ಮನುಷ್ಯ ಯಾರೆಂದು ಹುಡುಕಿ, ಕಾಕಾ ಉಳಿಗಳ ಗಂಟನ್ನು ನನ್ನ ಕೈಗೇ ಕೊಟ್ಟಿದ್ದಾರೆ.